ಮೂವತ್ತು-ನಲವತ್ತರ ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆದರೆ ನಮ್ಮ ಬೀದಿಯ ಊಟ ಬದಲಾಗುತ್ತದೆಯೇ?

ಲಗ್ಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲಗ್ಗೆರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಶಾಲೆಯಿಂದ ನಿವೃತ್ತಳಾಗಿ ಮೂರು ವರ್ಷವಾಯಿತು. ನಮ್ಮ ಅಡ್ಡರಸ್ತೆಯ ವಠಾರಗಳಲ್ಲಿ ಇರುವವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಅಥವಾ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಹೋಗುವವರು. ಸಂಜೆ ಅವರ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಪಾಠ ಶುರುಮಾಡುವ ಮುಂಚೆ, ನಿನ್ನೆ ರಾತ್ರಿ ಏನು ಊಟ ಎಂದು ಕೇಳುವುದು ನನ್ನ ಹಳೆಯ ಅಭ್ಯಾಸ. ತಿಂಗಳ ಮೊದಲ ವಾರ ಬಗೆಬಗೆಯ ಉತ್ತರ ಬರುತ್ತದೆ. ಇಪ್ಪತ್ತನೇ ತಾರೀಖು ದಾಟಿತೆಂದರೆ ಎಲ್ಲರದ್ದೂ ಒಂದೇ ಉತ್ತರ: ಅನ್ನ, ತಿಳಿಸಾರು. ಕೆಲವರದ್ದು ಅನ್ನ, ಉಪ್ಪಿನಕಾಯಿ.

ಕಾರ್ಡಿನ ಅಕ್ಕಿಯಿಂದ ಹೊಟ್ಟೆ ತುಂಬುತ್ತಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಟ್ಟೆಯಲ್ಲಿ ಹಸಿರು ಎನ್ನುವುದೇ ಇಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಮೂವತ್ತು-ನಲವತ್ತರ ಒಂದು ಸೈಟು ಖಾಲಿ ಬಿದ್ದಿದೆ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಕಸ ಬೀಳದಂತೆ ನೋಡಿಕೊಂಡರೆ ಏನಾದರೂ ಬೆಳೆದುಕೊಳ್ಳಿ ಎಂದು ಫೋನಿನಲ್ಲಿ ಹೇಳಿದ್ದಾರೆ. ಸುತ್ತ 22 ಮನೆಗಳಿವೆ. ಇದು ಉಳ್ಳವರ ಹವ್ಯಾಸ, ಇದರಿಂದ ಯಾರ ಹಸಿವೂ ತೀರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಾಡಿ ನೋಡಿದವರು ನಿಜ ಏನೆಂದು ಹೇಳಬೇಕು.

ಮಾಳಿಗೆ ತೋಟ

ಖಂಡಿತ ಶುರುಮಾಡಿ! ಹನ್ನೊಂದು ವರ್ಷಗಳಿಂದ ತಾರಸಿಯ ಮೇಲೆ ಬೆಳೆಯುತ್ತಿದ್ದೇನೆ, ನಮ್ಮ ಮನೆಗೆ ಟೊಮೆಟೊ, ಬದನೆ, ಹಸಿಮೆಣಸು ಕೊಳ್ಳುವುದು ಅಪರೂಪ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಈ ಊರಿನಲ್ಲಿ ತಾರಸಿ ತೋಟವನ್ನು ಕಲಿಸುತ್ತಾ ಬಂದು ಎಷ್ಟೋ ವರ್ಷಗಳಾದವು. ‘ಊಟ ಫ್ರಮ್ ಯುವರ್ ತೋಟ’ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ, ಬೀಜದಿಂದ ಹಿಡಿದು ಗೊಬ್ಬರದವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಸೈಟಿನ ಜೊತೆಗೆ ವಠಾರದ ತಾರಸಿಗಳನ್ನೂ ಬಳಸಿಕೊಳ್ಳಿ. ಸುತ್ತ ಒಂದಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಿದರೆ ಹೊಲವೇ ಸಿದ್ಧವಾಗುತ್ತದೆ.

ಕಂಬಿ ಸಿಮೆಂಟು

ದಯವಿಟ್ಟು ಹಾಗೆ ಮಾಡಬೇಡಿ. ಹನ್ನೆರಡು ವರ್ಷಗಳಿಂದ ಕಟ್ಟಡದ ಕೆಲಸದಲ್ಲಿದ್ದೇನೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕೆಜಿ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಒಂದಡಿ ದಪ್ಪದ ಮಣ್ಣು ಮಳೆಯಲ್ಲಿ ನೆನೆದರೆ ಅದೇ ಚದರ ಮೀಟರಿನ ಮೇಲೆ 500 ಕೆಜಿಗೂ ಹೆಚ್ಚು ಭಾರ ಕೂರುತ್ತದೆ. ವಠಾರಗಳಲ್ಲಿ ಎಂಜಿನಿಯರ್ ಕೈಯಾಡಿಸದೆ ಎದ್ದ ಮೂರನೇ ಮಹಡಿಗಳೇ ಹೆಚ್ಚು. ತಾರಸಿ ಬೇಕೇ ಬೇಕು ಎಂದಾದರೆ ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆಸಿದ ಹಗುರ ಚೀಲಗಳನ್ನು ತೊಲೆಗಳ ಮೇಲೆ, ಗೋಡೆಯ ಪಕ್ಕದಲ್ಲಿ ಮಾತ್ರ ಸಾಲಾಗಿ ಇಡಿ. ನೆಲ ಇರುವಾಗ ನೆಲದಲ್ಲೇ ಬೆಳೆಯುವುದು ಒಳ್ಳೆಯದು.

ಮಾಳಿಗೆ ತೋಟ

ಒಪ್ಪಿದೆ. ನನ್ನ ಮನೆಯ ತಾರಸಿಯನ್ನು ತೋಟಕ್ಕೆಂದೇ ಗಟ್ಟಿಯಾಗಿ ಕಟ್ಟಿಸಿದ್ದು, ಬೇರೆಯವರದ್ದೂ ಹಾಗೆಯೇ ಇರುತ್ತದೆಂದು ಭಾವಿಸಿ ಬರೆದದ್ದು ತಪ್ಪು.

ಬಿತ್ತನೆ ಲೆಕ್ಕ

ಟೀಚರ್, ನಿಮ್ಮ ನೆರೆಯವರ ಮಾತು ಅರ್ಧ ಸರಿ. ಯಾವ ಅರ್ಧ ಎನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಓದಿದವನು, ಈಗಲೂ ಕೃಷಿಯಲ್ಲೇ ಇದ್ದೇನೆ.

ಮೂವತ್ತು-ನಲವತ್ತು ಎಂದರೆ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಓಡಾಡುವ ದಾರಿ, ಗೊಬ್ಬರದ ಗುಂಡಿ, ನೀರಿನ ತೊಟ್ಟಿ ಬಿಟ್ಟರೆ ಬಿತ್ತುವುದಕ್ಕೆ ಉಳಿಯುವುದು 70 ಚದರ ಮೀಟರ್. ಅಲ್ಲಿ ರಾಗಿ ಹಾಕಿ ಚೆನ್ನಾಗಿ ನೀರು ಕೊಟ್ಟರೂ ನಾಲ್ಕು ತಿಂಗಳ ಕೊನೆಗೆ ಸಿಗುವುದು 17-18 ಕೆಜಿ. ಆಹಾರ ಭದ್ರತಾ ಕಾಯ್ದೆಯಲ್ಲಿ ಒಬ್ಬರಿಗೆ ತಿಂಗಳಿಗೆ 5 ಕೆಜಿಯಂತೆ ನಾಲ್ಕು ಜನರ ಒಂದೇ ಮನೆಗೆ ಒಂದು ತಿಂಗಳಿಗೆ 20 ಕೆಜಿ ಧಾನ್ಯ ಬರುತ್ತದೆ. ಆದ್ದರಿಂದ ಹೊಟ್ಟೆ ತುಂಬಿಸುವ ಕೆಲಸ ಈ ಸೈಟಿನದ್ದಲ್ಲ, ಅದು ಪಡಿತರ ಅಂಗಡಿಯದ್ದು.

ಅದೇ 70 ಚದರ ಮೀಟರಿನಲ್ಲಿ ದಂಟು, ಪಾಲಕ್, ಮೆಂತ್ಯ ಹಾಕಿದರೆ ಲೆಕ್ಕವೇ ಬೇರೆ. ದಂಟಿನ ಸೊಪ್ಪು ಇಪ್ಪತ್ತೈದು-ಮೂವತ್ತು ದಿನಗಳಲ್ಲಿ ಕೀಳಲು ಬರುತ್ತದೆ, ಚದರ ಮೀಟರಿಗೆ ಒಂದು ಕೆಜಿ ಕಷ್ಟವಲ್ಲ. ತಿಂಗಳಿಗೆ 70 ಕೆಜಿ ಎಂದರೆ ನಿಮ್ಮ 22 ಮನೆಗಳಿಗೆ ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 400 ಗ್ರಾಂನ ಒಂದು ಕಟ್ಟು. ಒಬ್ಬರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕು ಎಂದಿಟ್ಟುಕೊಂಡರೆ ಇದು ಅಗತ್ಯದ ಕಾಲು ಭಾಗ ಮಾತ್ರ. ಆದರೆ ಈಗ ಇರುವುದು ಸೊನ್ನೆ ಎಂದು ನೀವೇ ಹೇಳುತ್ತಿದ್ದೀರಿ.

ಹೊಸಕೋಟೆ ಹುಡುಗಿ

ಇಂಥ ಲೆಕ್ಕವನ್ನು ಯಾರೂ ಕೊಡುವುದಿಲ್ಲ, ಧನ್ಯವಾದ. ಟೊಮೆಟೊ ಆಸೆ ಬಿಟ್ಟು ಸೊಪ್ಪಿಗೆ ಕೈಹಾಕಬೇಕು ಎನ್ನುವುದು ನನಗೂ ಈಗಲೇ ಹೊಳೆದದ್ದು.

ದೂರದ ಓದುಗ

‘ಹೊಟ್ಟೆ ತುಂಬಿಸುವ ಕೆಲಸ ಈ ಸೈಟಿನದ್ದಲ್ಲ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ಯೂಬಾದ ಹವಾನಾ ನಗರವನ್ನು ನೋಡಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಎಣ್ಣೆ, ಗೊಬ್ಬರ, ಧಾನ್ಯ ಎಲ್ಲವೂ ನಿಂತುಹೋದಾಗ ಆ ಊರಿನ ಜನ ಖಾಲಿ ಜಾಗಗಳಲ್ಲೆಲ್ಲ ಬೆಳೆದು ಬದುಕಿದರು. ಅಲಾಮಾರ್ ಎಂಬಲ್ಲಿ 1997ರಲ್ಲಿ ಆರಂಭವಾದ ತೋಟ ಈಗ ಹತ್ತು ಹೆಕ್ಟೇರಿಗೂ ದೊಡ್ಡದು.

ಬಿತ್ತನೆ ಲೆಕ್ಕ

ಹವಾನಾ ಒಳ್ಳೆಯ ಉದಾಹರಣೆ, ಆದರೆ ಅಲ್ಲಿ ಆ ತೋಟಗಳಿಂದ ಮುಖ್ಯವಾಗಿ ಬಂದದ್ದು ಸೊಪ್ಪು, ತರಕಾರಿ, ಮಸಾಲೆ ಎಲೆಗಳು. ಅಕ್ಕಿ ಮತ್ತು ಗೋಧಿಯನ್ನು ಕ್ಯೂಬಾ ಇಂದಿಗೂ ಹೊರಗಿನಿಂದ ತರಿಸಿಕೊಳ್ಳುತ್ತದೆ. ಇನ್ನೊಂದು ಮಾತು: ಅಲ್ಲಿ ಜಾಗವನ್ನು ಸರ್ಕಾರವೇ ಕೊಟ್ಟಿತು, ತೋಟದಲ್ಲಿ ದುಡಿಯುವವರಿಗೆ ಅದೇ ಜೀವನೋಪಾಯವಾಗಿತ್ತು. ಸಂಜೆ ಏಳಕ್ಕೆ ಕಾರ್ಖಾನೆಯಿಂದ ಬಂದವರು ಟಾರ್ಚ್ ಹಿಡಿದು ಕಳೆ ಕಿತ್ತದ್ದಲ್ಲ.

ಎರಡನೇ ಪಾಳಿ

ಕಡೆಯ ವಾಕ್ಯಕ್ಕೆ ನನ್ನ ಮಾತು ಸೇರಿಸಬೇಕು. ಎಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮುಗಿಸಿ, ಎಂಟೂವರೆಗೆ ಗೇಟಿನ ಒಳಗಿರಬೇಕು. ಐದು ನಿಮಿಷ ತಡವಾದರೂ ಬಾಗಿಲು ಹಾಕುತ್ತಿದ್ದರು. ಹಿಂದೆ ನಾವಿದ್ದ ಬೀದಿಯಲ್ಲಿ ಇಂಥದ್ದೇ ಒಂದು ತೋಟವನ್ನು ಒಳ್ಳೆಯ ಮನಸ್ಸಿನ ಕೆಲವರು ಮಾಡಿಕೊಟ್ಟರು. ಫೋಟೋ ತೆಗೆದು ಹೋದರು. ಕಳೆ ಕೀಳುವುದು, ನೀರು ಹೊರುವುದು ಎಲ್ಲವೂ ಹೆಂಗಸರ ಪಾಲಿಗೆ ಬಂತು. ಮೂರು ತಿಂಗಳಿಗೆ ಪಾರ್ಥೇನಿಯಂ ಎದೆಯೆತ್ತರ ಬೆಳೆದಿತ್ತು. ಆಗ ಬೈಗುಳ ತಿಂದವರೂ ನಾವೇ: ‘ಇವರಿಗೆ ಬಿಟ್ಟಿ ಕೊಟ್ಟರೂ ಬೆಳೆದುಕೊಳ್ಳಲು ಬರುವುದಿಲ್ಲ’ ಎಂದು.

ಟೀಚರ್, ತಪ್ಪು ತಿಳಿಯಬೇಡಿ. ತೋಟದ ಕೆಲಸ ಯಾರದ್ದು, ಅವರಿಗೆ ಏನು ಸಿಗುತ್ತದೆ ಎನ್ನುವುದನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಗುದ್ದಲಿ ಹಿಡಿಯಿರಿ.

ಲಗ್ಗೆರೆ ಟೀಚರ್

ತಪ್ಪು ತಿಳಿಯುವುದೇ ಇಲ್ಲ. ನಾನು ಕೇಳದೇ ಬಿಟ್ಟಿದ್ದ ಪ್ರಶ್ನೆ ಇದು. ಮನೆಯಲ್ಲಿ ಇರುವವರೆಂದರೆ ನಮ್ಮಂಥ ವಯಸ್ಸಾದವರು ಆರೇಳು ಜನ. ಅವರಲ್ಲಿ ನಾಲ್ವರು ಹಳ್ಳಿಯಲ್ಲಿ ಹೊಲ ಮಾಡಿ ಬಂದವರು. ಅವರನ್ನು ಕೇಳುತ್ತೇನೆ.

ಕೇರಳ ಗಡಿ

ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀ ಎಂಬ ಸರ್ಕಾರಿ ಮಹಿಳಾ ಯೋಜನೆಯ ಹೆಣ್ಣುಮಕ್ಕಳು ಗುಂಪಾಗಿ ಜಮೀನು ಗುತ್ತಿಗೆಗೆ ಹಿಡಿದು ಬೆಳೆಯುತ್ತಾರೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮಾರುತ್ತಾರೆ. ಅದು ಸೇವೆಯಲ್ಲ, ದುಡಿಮೆ. ಅದಕ್ಕೇ ಉಳಿದುಕೊಂಡಿದೆ. ನಿಮ್ಮ ಹಿರಿಯರಿಗೂ ಒಂದು ಪಾಲು ಮಾರಿಕೊಳ್ಳಲು ಬಿಡಿ.

ಸೊಪ್ಪಿನವಳ ಮಗ

ಮಾರುವ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮಮ್ಮ ಮೂವತ್ತು ವರ್ಷ ನೆಲಮಂಗಲದ ಕಡೆಯಿಂದ ಸೊಪ್ಪು ತಂದು ಬೀದಿ ಬೀದಿಯಲ್ಲಿ ಮಾರಿ ನನ್ನನ್ನು ಓದಿಸಿದಳು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಒದ್ದೆ ಗೋಣಿಯಲ್ಲಿ ಕಟ್ಟು ಸುತ್ತಿ, ತಲೆಯ ಮೇಲೆ ಹೊತ್ತು ಬಸ್ಸು ಹಿಡಿಯುತ್ತಿದ್ದಳು. ಕುತ್ತಿಗೆಯ ಹಿಂದೆ ಆ ತೇವಕ್ಕೆ ಚರ್ಮ ಸುಲಿದುಹೋಗಿತ್ತು. ಎಲ್ಲರೂ ತಮ್ಮ ಬೀದಿಯಲ್ಲೇ ಬೆಳೆದುಕೊಂಡರೆ ಅಂಥ ಅಮ್ಮಂದಿರ ಗತಿ ಏನು?

ಬಿತ್ತನೆ ಲೆಕ್ಕ

ನಿಮ್ಮ ತಾಯಿಗೆ ನನ್ನ ನಮಸ್ಕಾರ. ಆದರೆ ಟೀಚರ್ ಹೇಳುತ್ತಿರುವುದು ತಿಂಗಳ ಕೊನೆಗೆ ಸೊಪ್ಪು ಕೊಳ್ಳದೇ ಇರುವ ಮನೆಗಳ ಬಗ್ಗೆ. ಕೊಳ್ಳುವವರನ್ನು ಇದು ಕಿತ್ತುಕೊಳ್ಳುವುದಿಲ್ಲ.

ಸೊಪ್ಪಿನವಳ ಮಗ

ಅಮ್ಮನನ್ನೇ ಕೇಳಿದೆ. ‘ಇಲ್ಲದವರಿಗೆ ನಾನೇ ಎಷ್ಟೋ ಸಲ ಉಳಿದ ಕಟ್ಟು ಕೊಟ್ಟು ಬಂದಿದ್ದೇನೆ, ಅವರು ಬೆಳೆದುಕೊಳ್ಳಲಿ’ ಎಂದಳು. ಜೊತೆಗೆ ಒಂದು ಬುದ್ಧಿಮಾತನ್ನೂ ಬರೆಯಲು ಹೇಳಿದಳು. ದಂಟಿನ ಬೀಜ ಗಸಗಸೆಯಷ್ಟು ಸಣ್ಣದು, ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಒಂದು ಹಿಡಿ ಬೀಜಕ್ಕೆ ಹತ್ತು ಹಿಡಿ ಒಣ ಮರಳು ಬೆರೆಸಿ, ಬೆರಳ ಸಂದಿಯಿಂದ ಉದುರಿಸಬೇಕು. ಇರುವೆಗಳು ಬೀಜ ಹೊತ್ತುಕೊಂಡು ಹೋಗುತ್ತವೆ. ಪಾತಿಯ ಅಂಚಿಗೆ ಅಕ್ಕಿನುಚ್ಚು ಚೆಲ್ಲಿದರೆ ಅದನ್ನು ಹೊರುವುದರಲ್ಲೇ ಇದ್ದುಬಿಡುತ್ತವೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಬೇರುಸಹಿತ ಕೀಳದೆ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆದು ಮತ್ತೆ ಮೂರು ಸಲ ಸೊಪ್ಪು ಸಿಗುತ್ತದೆಯಂತೆ.

ಪೋಷಣ ವಿದ್ಯಾರ್ಥಿ

‘ಉಳ್ಳವರ ಹವ್ಯಾಸ’ ಎಂದ ನೆರೆಯವರಿಗೆ ಈ ಅಂಕಿಗಳನ್ನು ತೋರಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ 65ರಷ್ಟು ಮಂದಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೂ ಅದೇ ತೊಂದರೆ. ಅಕ್ಕಿ ಸಿಗುತ್ತಿರುವ ರಾಜ್ಯದ ಸ್ಥಿತಿ ಇದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಲು ಹೇಳುತ್ತದೆ. ಆ ವಠಾರದಲ್ಲಿ ವಾರಕ್ಕೂ ಅಷ್ಟು ಸಿಗುತ್ತಿದೆಯೇ ಎನ್ನುವುದೇ ನನ್ನ ಅನುಮಾನ.

ಸೊಪ್ಪು ತಿಂದ ಮಾತ್ರಕ್ಕೆ ರಕ್ತಹೀನತೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದ ಜೊತೆ ನಿಂಬೆರಸ ಇದ್ದರೆ ಹೀರಿಕೆ ಹೆಚ್ಚುತ್ತದೆ, ಊಟದ ಬೆನ್ನಿಗೇ ಟೀ ಕುಡಿದರೆ ತಗ್ಗುತ್ತದೆ. ಆದ್ದರಿಂದ ಮೂಲೆಯಲ್ಲಿ ಒಂದು ನಿಂಬೆ, ಒಂದು ನುಗ್ಗೆ, ಎರಡು ಪರಂಗಿ ಗಿಡ ಇರಲಿ. ಮಾತ್ರೆ, ಮೊಟ್ಟೆ, ಬೇಳೆ ಯಾವುದನ್ನೂ ಸೊಪ್ಪಿನ ಹೆಸರಿನಲ್ಲಿ ಬಿಡಬಾರದು.

ಎರಡನೇ ಪಾಳಿ

ಊಟದ ಬೆನ್ನಿಗೇ ಟೀ ಎನ್ನುವುದು ಕಾರ್ಖಾನೆಯವರೆಲ್ಲರ ಅಭ್ಯಾಸ. ಇದು ನನಗೆ ಗೊತ್ತಿರಲಿಲ್ಲ.

ಹಿತ್ತಲ ಗಿಡ

ಚಕ್ರಮುನಿ ಸೊಪ್ಪು ಹಾಕಿ. ಒಂದು ಕಡ್ಡಿ ನೆಟ್ಟರೆ ಹತ್ತು ವರ್ಷ ಸೊಪ್ಪು. ನಾನು ದಿನವೂ ಹಸಿಯಾಗಿಯೇ ಅರೆದು ರಸ ಕುಡಿಯುತ್ತೇನೆ.

ಪೋಷಣ ವಿದ್ಯಾರ್ಥಿ

ಹಸಿ ರಸವನ್ನು ಇವತ್ತೇ ನಿಲ್ಲಿಸಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶ ಶಾಶ್ವತವಾಗಿ ಹಾಳಾಯಿತು. ಬೇಯಿಸಿ, ಆಗಾಗ, ಮಿತವಾಗಿ ಪಲ್ಯ ಮಾಡಿಕೊಳ್ಳಿ.

ಹಿತ್ತಲ ಗಿಡ

ನಿಲ್ಲಿಸಿದೆ. ಹೇಳಿದ್ದಕ್ಕೆ ಋಣಿ.

ಕೊಳವೆ ಬಾವಿ

ಇಷ್ಟು ಜನ ಮಾತಾಡಿದರೂ ಮುಖ್ಯವಾದದ್ದನ್ನು ಯಾರೂ ಕೇಳಿಲ್ಲ. ನೀರು ಎಲ್ಲಿಂದ? ಲಗ್ಗೆರೆ ಇರುವುದು ಪೀಣ್ಯದ ಮಗ್ಗುಲಲ್ಲಿ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾದ ಸಂಗತಿ; ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯ ಅದಕ್ಕೆ ಒಂದು ಕಾರಣ. ನಗರದ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಭಾರಲೋಹಗಳು ಸಿಕ್ಕಿರುವುದೂ ಹೊಸದಲ್ಲ. ಸೊಪ್ಪು ಇಂಥ ಲೋಹಗಳನ್ನು ಕಾಯಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಮಕ್ಕಳ ತಟ್ಟೆಗೆ ಹಸಿರು ಬರಲಿ ಎಂದು ಹೊರಟು ವಿಷ ಬಡಿಸುವಂತಾಗಬಾರದು.

ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್‌ನಂಥವು ಮಾತ್ರ ತಿಳಿಯುತ್ತವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬೇಕೆಂದು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಖರ್ಚಾಗುತ್ತದೆ, ಆದರೂ ಬಿಡಬೇಡಿ. ಸೈಟಿನಲ್ಲಿ ಕಟ್ಟಡದ ಒಡೆದ ಅವಶೇಷ ಸುರಿದಿದ್ದರೆ ಆ ನೆಲವನ್ನು ಮುಟ್ಟದೆ, ಸುತ್ತ ಕಲ್ಲು ಜೋಡಿಸಿ ಹೊರಗಿನ ಒಳ್ಳೆಯ ಮಣ್ಣು, ಕಾಂಪೋಸ್ಟ್ ತುಂಬಿ ಎತ್ತರದ ಪಾತಿ ಮಾಡಿ. ಹವಾನಾದವರು ಮಾಡಿದ್ದೂ ಅದನ್ನೇ.

ಮಳೆಕೊಯ್ಲು

ಕೊಳವೆ ಬಾವಿ ಸಂದೇಹ ಎಂದ ಮೇಲೆ ಉಳಿದದ್ದು ಮಳೆನೀರು. ಕಾವೇರಿ ನೀರನ್ನು ತೋಟಕ್ಕೆ ನೆಚ್ಚಿಕೊಳ್ಳಬೇಡಿ; 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ಬಂದಾಗ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಪಕ್ಕದ ಮನೆಯ 1,000 ಚದರ ಅಡಿ ತಾರಸಿಯಿಂದ ವರ್ಷಕ್ಕೆ 60-70 ಸಾವಿರ ಲೀಟರ್ ಹಿಡಿಯಬಹುದು. ಆದರೆ 70 ಚದರ ಮೀಟರ್ ಸೊಪ್ಪಿಗೆ ಬೇಸಿಗೆಯಲ್ಲಿ ದಿನಕ್ಕೆ 300 ಲೀಟರ್ ಬೇಕು. 5,000 ಲೀಟರಿನ ತೊಟ್ಟಿ ತುಂಬಿದ್ದರೂ ಹದಿನೇಳು ದಿನಕ್ಕೆ ಬರಿದು. ಹಾಗಾಗಿ ಜೂನ್‌ನಿಂದ ಡಿಸೆಂಬರ್‌ವರೆಗೆ ಪೂರ್ತಿ ಬೆಳೆಯಿರಿ. ಫೆಬ್ರುವರಿಯ ನಂತರ ಕಾಲು ಭಾಗದ ಪಾತಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದಕ್ಕೆ ಒಣ ಎಲೆ ಹೊದಿಸಿ ಬಿಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು 22 ಮನೆಯವರು ಒಂದೊಂದು ಬಕೆಟ್ ತಂದು ಹಾಕಿದರೂ ಅದು ಸಣ್ಣ ಸಹಾಯವಲ್ಲ. ಸೋಪಿನ ನೀರು ಬೇಡ.

ಜಯನಗರ ನಿವಾಸಿ

ಇಷ್ಟೆಲ್ಲ ತಾಪತ್ರಯ ಏಕೆ? ಬಡಾವಣೆಯ ಪಾರ್ಕಿನಲ್ಲಿ ಹುಲ್ಲಿನ ಬದಲು ಸೊಪ್ಪು ಬೆಳೆಯಬಾರದೇ?

ಕಂಬಿ ಸಿಮೆಂಟು

ಪಾರ್ಕು, ಆಟದ ಮೈದಾನಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ 1985ರಿಂದ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. ಆ ಕಾಯ್ದೆಯನ್ನು ಸಡಿಲಿಸಿದರೆ ಮೊದಲು ಬರುವುದು ಸೊಪ್ಪಲ್ಲ, ಕಟ್ಟಡ. ಅದು ಹಾಗೇ ಇರಲಿ.

ಹಲಸಿನ ತೊಳೆ

ನಮ್ಮ ಬಡಾವಣೆಯ ಕಥೆ ಕೇಳಿ. ಎರಡು ವರ್ಷ ಒಂದು ಖಾಲಿ ಸೈಟಿನಲ್ಲಿ ಹದಿನಾಲ್ಕು ಮನೆಯವರು ಸೇರಿ ಬೆಳೆದೆವು. ಮೊದಲ ಆರು ತಿಂಗಳು ನೆಲವೆಲ್ಲ ಇಟ್ಟಿಗೆ ಚೂರು. ಅಡುಗೆಮನೆಯ ಹಸಿ ಕಸ, ಬಿದ್ದ ಎಲೆ, ಸಗಣಿ ಹಾಕುತ್ತಾ ಹಾಕುತ್ತಾ ಮಣ್ಣು ಕಪ್ಪಾಯಿತು, ಮುಷ್ಟಿಯಲ್ಲಿ ಹಿಡಿದರೆ ಎರೆಹುಳು ಸಿಗುವಂತಾಯಿತು. ಒಂದು ಗುರುವಾರ ಬೆಳಿಗ್ಗೆ ಜೆಸಿಬಿ ಬಂದು ನಿಂತಿತ್ತು. ಮಾಲೀಕರು ಸೈಟು ಮಾರಿದ್ದರು, ನಮಗೆ ಒಂದು ಫೋನೂ ಮಾಡಿರಲಿಲ್ಲ. ಚಪ್ಪರದ ತುಂಬ ಎಳೆ ಹೀರೆಕಾಯಿ ತೂಗುತ್ತಿದ್ದವು. ಚಾಲಕ ಇಳಿದು, ಕಿತ್ತುಕೊಳ್ಳಿ ಎಂದು ಅರ್ಧ ಗಂಟೆ ಕಾದ. ಆ ಕಪ್ಪು ಮಣ್ಣನ್ನು ಲಾರಿಗೆ ತುಂಬುವುದನ್ನು ನೋಡುತ್ತಾ ನಿಂತದ್ದು ಇಂದಿಗೂ ನನಗೆ ಸಂಕಟ.

ಫೋನಿನ ಮಾತನ್ನು ನಂಬಬೇಡಿ, ಟೀಚರ್. ಹನ್ನೊಂದು ತಿಂಗಳಿಗಾದರೂ ಒಂದು ಕರಾರು ಬರೆಸಿಕೊಳ್ಳಿ. ಬಿಡಿಸುವುದಿದ್ದರೆ ಎರಡು ತಿಂಗಳು ಮೊದಲು ತಿಳಿಸಬೇಕು ಎಂದು ಅದರಲ್ಲಿ ಇರಲಿ. ಕಸ, ಒತ್ತುವರಿ ಎರಡೂ ತಪ್ಪುವುದರಿಂದ ಮಾಲೀಕರಿಗೂ ಲಾಭವಿದೆ.

ದೂರದ ಓದುಗ

ಹವಾನಾ ವಿಷಯದಲ್ಲಿ ನನ್ನನ್ನು ತಿದ್ದಿದ್ದು ಸರಿ. ಇದಕ್ಕೆ ಹೆಚ್ಚು ಹೊಂದುವುದು ಅರ್ಜೆಂಟೀನಾದ ರೊಸಾರಿಯೊ ನಗರ. 2001ರ ಆರ್ಥಿಕ ಕುಸಿತದ ನಂತರ, 2002ರಲ್ಲಿ ಅಲ್ಲಿನ ನಗರಾಡಳಿತವೇ ಕಾರ್ಯಕ್ರಮ ರೂಪಿಸಿ ಬೀಜ, ತರಬೇತಿ ಕೊಟ್ಟಿತು, ಖಾಲಿ ಬಿದ್ದ ಸಾರ್ವಜನಿಕ ಜಾಗಗಳನ್ನು ಬೆಳೆಯುವವರಿಗೆ ಬಿಟ್ಟಿತು, ಮಾರಲು ಸಂತೆಯನ್ನೂ ಮಾಡಿಕೊಟ್ಟಿತು. ಜಾಗ ನಾಳೆಯೂ ಇರುತ್ತದೆ ಎಂಬ ಧೈರ್ಯವಿದ್ದರೆ ಜನ ಮಣ್ಣಿಗೆ ದುಡಿಮೆ ಹಾಕುತ್ತಾರೆ. ನಮ್ಮ ಪಾಲಿಕೆಗಳು ಮಾಡಬೇಕಾದದ್ದೂ ಅದೇ.

ಎರಡನೇ ಪಾಳಿ

ಪಾಲಿಕೆ ಮಾಡುವವರೆಗೆ ಆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಕರಾರು ಬರೆಸಿ, ಶುರುಮಾಡಿ.

ಲಗ್ಗೆರೆ ಟೀಚರ್

ಇಲ್ಲಿ ಬರೆದದ್ದನ್ನೆಲ್ಲ ನಿನ್ನೆ ಸಂಜೆ ನಮ್ಮ ಜಗಲಿಯ ಮೇಲೆ ಓದಿ ಹೇಳಿದೆ. ಹೊಲ ಮಾಡಿದ್ದ ನಾಲ್ವರೂ ಬರುತ್ತೇವೆ ಎಂದಿದ್ದಾರೆ; ಆರು ಪಾತಿಗಳಲ್ಲಿ ಒಂದರ ಸೊಪ್ಪು ಅವರಿಗೆ, ಅದನ್ನು ಮಾರಿಕೊಳ್ಳಬಹುದು ಎಂದು ಮಾತಾಯಿತು. ಭಾನುವಾರ ಒಂದು ಗಂಟೆ ಗಂಡಸರು ಗೊಬ್ಬರ ಹೊರಬೇಕು ಎಂಬುದನ್ನು ಹೆಂಗಸರೇ ನಿರ್ಧರಿಸಿದರು. ಮಾಲೀಕರು ಕರಾರಿಗೆ ಒಪ್ಪಿದ್ದಾರೆ. ಮಣ್ಣು ಮತ್ತು ಕೊಳವೆ ಬಾವಿಯ ನೀರಿನ ಪರೀಕ್ಷೆಗೆ ನನ್ನ ಪಿಂಚಣಿಯಿಂದ ಕೊಡುತ್ತೇನೆ. ಫಲಿತಾಂಶ ಬರುವವರೆಗೆ ಒಂದು ಬೀಜವನ್ನೂ ಹಾಕುವುದಿಲ್ಲ.

ಕೊಪ್ಪಳದ ಕಡೆಯಿಂದ ಬಂದ ಅಜ್ಜಿಯೊಬ್ಬರು ಕೇಳಿದ್ದು ಒಂದೇ: ಪುಂಡಿ ಸೊಪ್ಪು ಹಾಕುತ್ತೀರಾ? ಊರು ಬಿಟ್ಟ ಮೇಲೆ ಪುಂಡಿಪಲ್ಯ ತಿಂದಿಲ್ಲವಂತೆ. ಇಲ್ಲಿ ಯಾರ ಬಳಿಯಾದರೂ ಬೀಜ ಇದೆಯೇ?

ಹೊಸಕೋಟೆ ಹುಡುಗಿ

ನಮ್ಮ ಅತ್ತೆಯ ತವರು ಗಂಗಾವತಿ. ಮನೆಯಲ್ಲಿ ಒಂದು ಡಬ್ಬಿ ಪುಂಡಿ ಬೀಜ ಇದೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಇಲ್ಲಿ ತಿಳಿಸಿ, ತಂದು ಕೊಡುತ್ತೇನೆ.